ಸೋದರಮಾವನ ಎದೆಯುರಿ

ಏನೇನು ಕೆಡಬಹುದಿತ್ತು ಅಂದರೆ, ಮದುವೆಹೆಣ್ಣನ್ನು ಎತ್ತಿಕೊಳ್ಳಲು ನಾನು ಬಗ್ಗಿದ ಕೂಡಲೇ ಬೆಳಗಿನ ಸಾಂಬಾರು ಗಂಟಲಿಗೆ ಬರಬಹುದಿತ್ತು. ಬಂದದ್ದನ್ನು ನುಂಗಲೋ ಬಿಡಲೋ ಎಂದು ನಾನು ಯೋಚಿಸುವಷ್ಟರಲ್ಲಿ ಹುಡುಗಿ ಕೈಜಾರಿ ಪುರೋಹಿತರ ಮೇಲೆ, ಪುರೋಹಿತರು ತುಪ್ಪದ ಪಾತ್ರೆಯ ಮೇಲೆ, ತುಪ್ಪ ಗಂಡಿನ ರೇಷ್ಮೆ ಪಂಚೆಯ ಮೇಲೆ ಬೀಳಬಹುದಿತ್ತು. ಎದೆಯುರಿಯನ್ನೇ ಹೃದಯಾಘಾತವೆಂದು ತಿಳಿದು ನಾನು ಮಂಟಪದಲ್ಲಿ ಮಲಗಿಬಿಡಬಹುದಿತ್ತು. ಅಥವಾ ಹೃದಯಾಘಾತವನ್ನೇ ಎದೆಯುರಿಯೆಂದು ತಿಳಿದು, ಜೀರಿಗೆ ನೀರು ಗುಟುಕರಿಸುತ್ತ, ನಗುನಗುತ್ತ ಫೋಟೋಗೆ ನಿಂತಿರಬಹುದಿತ್ತು. ಅಂಗಿ ಜೇಬಿನಲ್ಲಿಟ್ಟ ಗುಲಾಬಿ ಔಷಧಿಯ ಮುಚ್ಚಳ ಬಿಚ್ಚಿಕೊಂಡು ಅವಳ ಸೀರೆಯ ಜರಿಯ ಮೇಲೆಲ್ಲ ಹರಿಯಬಹುದಿತ್ತು. ಮಾತ್ರೆಯ ಡಬ್ಬಿಯೊಳಗಿನ ಚೀಟಿಯಲ್ಲಿ ಸಣ್ಣಕ್ಷರದಲ್ಲಿ ಬರೆದಿರುವ ತಲೆನೋವು, ಹೊಟ್ಟೆಯುಬ್ಬರ, ಭೇದಿ ಎಲ್ಲವೂ ಮಾತಾಡಿಕೊಂಡವರ ಹಾಗೆ ಮುಹೂರ್ತದ ಹೊತ್ತಿಗೇ ಬರಬಹುದಿತ್ತು. ನಾನು ಬೆವರುವುದನ್ನು ನೋಡಿ ಗಂಡಿನ ಕಡೆಯವರು, "ಹೆಣ್ಣಿನ ಮಾಮ ಬೆಳಗ್ಗೇನೇ ಹಾಕ್ಕೊಂಡು ಬಂದಿದಾನೆ" ಅನ್ನಬಹುದಿತ್ತು. ಎಲ್ಲಕ್ಕಿಂತ ಘೋರವಾದದ್ದೆಂದರೆ, ನನ್ನ ಚಿಕ್ಕಪ್ಪನ ಮಗ ಹಿಂದಿನಿಂದ ಹಾರಿ ಬಂದು ಬೀಳುತ್ತಿದ್ದವಳನ್ನು ಗಾಳಿಯಲ್ಲೇ ಹಿಡಿಯಬಹುದಿತ್ತು, ಆ ವಿಡಿಯೋವನ್ನು ನಮ್ಮ ನೆಂಟರು ತಲೆಮಾರುಗಟ್ಟಲೆ ನೋಡಬಹುದಿತ್ತು.

ಹೀಗೆಲ್ಲ ಮುಂಚೆಯೇ ಯೋಚಿಸುವುದು ನನ್ನ ಸ್ವಭಾವ. ಪುಣ್ಯಕ್ಕೆ ಹೊಟ್ಟೆಪಾಡೂ ಅದೇ. ವಿಮೆಯವರ ಪರವಾಗಿ ಕೊಯಮತ್ತೂರು, ತಿರುಪ್ಪೂರಿನ ಸುತ್ತಮುತ್ತಲ ಮಿಲ್ಲುಗಳಿಗೆ, ನೂಲಿನ ಗೋಡೌನುಗಳಿಗೆ ಹೋಗಿ, ಬೆಂಕಿ ಎಲ್ಲಿ ಹತ್ತಬಹುದು, ಹತ್ತಿದ್ದರೆ ಯಾಕೆ ಹತ್ತಿತು ಎಂದು ನೋಡಿ ಬರೆದುಕೊಡುವವನು ನಾನು. ಹತ್ತಿಯ ರಾಶಿಯೊಳಗೆ ಹೊಗೆಯಿಲ್ಲದೆ ಕುಳಿತಿರುವ ಕಿಡಿಯನ್ನು ಮೂಸಿ ಹೇಳಬಲ್ಲೆ. ಸ್ವಂತ ಎದೆಯೊಳಗೆ ಹತ್ತಿಕೊಂಡದ್ದನ್ನು ಮಾತ್ರ ವರ್ಷಗಟ್ಟಲೆ "ಗ್ಯಾಸು, ಗ್ಯಾಸು" ಎಂದು ತಳ್ಳಿಕೊಂಡು ಬಂದಿದ್ದೆ.

ಹಾಗೆ ತಳ್ಳಲಾಗದ ಕಾಲ ಬಂದದ್ದು ಅಕ್ಕನ ಮಗಳ ಮದುವೆ ಗೊತ್ತಾದಾಗ.

ನಮ್ಮದು ಮಗ್ಗದ ಮನೆತನ. ಯಾವ ಕಾಲದಲ್ಲಿ ಈ ಕಡೆ ಬಂದೆವೋ ಯಾರಿಗೂ ಗೊತ್ತಿಲ್ಲ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು, ಜಗಳಕ್ಕೆ ಎರಡೂ. ಕನ್ನಡ ಓದಲು ಬರುವುದು ಮನೆಯಲ್ಲಿ ನನಗೊಬ್ಬನಿಗೇ. ಹಾಗಾಗಿ ಅಮ್ಮನ ಬಗ್ಗೆ, ಹೆಂಡತಿಯ ಬಗ್ಗೆ ಇಲ್ಲಿ ನಿರ್ಭಯವಾಗಿ ಬರೆಯುತ್ತಿದ್ದೇನೆ. ಬೇರೆ ಎಷ್ಟೋ ಪದ್ಧತಿಗಳು ಸವೆದು ಹೋಗಿದ್ದರೂ ನಮ್ಮ ಮನೆಗಳಲ್ಲಿ ಒಂದು ಮಾತ್ರ ಗಟ್ಟಿಯಾಗಿ ಉಳಿದಿದೆ. ಮದುವೆಯ ದಿನ ಅಲಂಕಾರದ ಕೋಣೆಯಿಂದ ಮಂಟಪದವರೆಗೆ ಹೆಣ್ಣಿನ ಕಾಲು ನೆಲಕ್ಕೆ ತಾಗಬಾರದು. ಸೋದರಮಾವ ಎತ್ತಿಕೊಂಡೇ ಬರಬೇಕು. ಹೆಣ್ಣು ಹನ್ನೆರಡು ಹದಿಮೂರರ ಮಗುವಾಗಿದ್ದ ಕಾಲಕ್ಕೆ ಯಾರೋ ಮಾಡಿದ ನಿಯಮ. ಈಗಿನ ಹೆಣ್ಣುಮಕ್ಕಳು ಓದಿ, ಕೆಲಸ ಹಿಡಿದು, ತಮಗೆ ಬೇಕೆನಿಸಿದಾಗ ಮದುವೆಯಾಗುವವರು. ಸೋದರಮಾವಂದಿರೂ ಅಷ್ಟೇ ವರ್ಷ ಮಾಗಿರುತ್ತಾರೆ.

ಅಕ್ಕನಿಗೆ ನಾನೊಬ್ಬನೇ ತಮ್ಮ. ಅವಳ ಮಗಳು ಮಾತು ಕಲಿಯುವ ಮುಂಚೆಯೇ ನನ್ನ ಹೆಗಲು ಹತ್ತಿದವಳು. ಅವಿನಾಶಿ ಊರಿನಲ್ಲಿದ್ದ ಅವರ ಮನೆಗೆ ನಾನು ಹೋದಾಗಲೆಲ್ಲ ಪವರ್‌ಲೂಮಿನ ಸದ್ದು ಕೇಳದಷ್ಟು ದೂರ ಹೊತ್ತುಕೊಂಡು ಹೋಗಬೇಕು, ಇಳಿಸಿದರೆ ಅಳು. ಹಾಗಾಗಿ ಇದು ಬರೀ ಶಾಸ್ತ್ರವಾಗಿರಲಿಲ್ಲ. ಅವಳನ್ನು ಇನ್ನೊಮ್ಮೆ, ಕೊನೆಯ ಸಲ, ಎತ್ತಿಕೊಳ್ಳುವ ಹಕ್ಕು ನನಗಿತ್ತು. ಆ ಹಕ್ಕನ್ನು ಬಿಟ್ಟುಕೊಡಲು ನಾನು ಸಿದ್ಧನಿರಲಿಲ್ಲ.

ತೊಂದರೆಯೆಂದರೆ, ಆ ಹೊತ್ತಿಗೆ ನಾನು ಬಿದ್ದ ಪೆನ್ನು ಎತ್ತಲು ಬಗ್ಗಿದರೂ ಹುಳಿ ಮೇಲೆ ಬರುತ್ತಿತ್ತು. ಒಮ್ಮೆ ಅಕ್ಕನ ಮನೆಯಲ್ಲೇ, ಮದುವೆಯ ಮಾತುಕತೆ ಮುಗಿದು ಎಲ್ಲರೂ ಹುರುಳಿ ರಸಂ ಸುರಿದುಕೊಂಡು ಉಂಡ ಮೇಲೆ, ತೆಂಗಿನಕಾಯಿ ಮೂಟೆಯನ್ನು ಪಕ್ಕಕ್ಕೆ ಸರಿಸಲು ಹೋಗಿ ಎದೆ ಹಿಡಿದುಕೊಂಡು ಕೂತುಬಿಟ್ಟೆ. ಅಕ್ಕ ಓಡಿಬಂದಳು. ಚಿಕ್ಕಪ್ಪನ ಮಗ ಮೂಟೆಯನ್ನು ಒಂದೇ ಕೈಯಲ್ಲಿ ಎತ್ತಿ ಪಕ್ಕಕ್ಕಿಟ್ಟ. ಅವನಿಗೆ ತಿರುಪ್ಪೂರಿನಲ್ಲಿ ಬನಿಯನ್ ಯೂನಿಟ್ಟು, ಸಂಜೆ ಜಿಮ್ಮು. ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ಚಿಕ್ಕವನು, ಲೆಕ್ಕಕ್ಕೆ ಅವನೂ ಹುಡುಗಿಗೆ ಸೋದರಮಾವನೇ.

"ಅಣ್ಣಾ, ಬೇಡ. ಹುಡುಗೀನ ನಾನೇ ಎತ್ತಿಕೊಂಡು ಬರ್ತೀನಿ. ನೀನು ಮುಂದೆ ದೀಪ ಹಿಡ್ಕೊಂಡು ನಡಿ" ಅಂದ. ದೀಪ ಹಿಡಿಯುವುದು ನಮ್ಮಲ್ಲಿ ಸಣ್ಣ ಹೆಣ್ಣುಮಕ್ಕಳ ಕೆಲಸ.

"ನೋಡೋಣ" ಅಂದಳು ಅಕ್ಕ. ಅವಳ "ನೋಡೋಣ" ಅರ್ಧ ಒಪ್ಪಿಗೆ ಎಂದು ನನಗೆ ಹುಟ್ಟಿದಾಗಿನಿಂದ ಗೊತ್ತು.

ಹುಡುಗಿ ಮಾತ್ರ ಬಾಗಿಲಿಗೆ ಒರಗಿ ನಿಂತು, "ಮಾಮ ಎತ್ತಲಿಲ್ಲ ಅಂದ್ರೆ ನಾನು ಯಾರ ಕೈಗೂ ಬರಲ್ಲ. ಸ್ಕೂಟಿ ತಗೊಂಡು ಮಂಟಪಕ್ಕೆ ಬರ್ತೀನಿ" ಅಂದಳು.

ಮರುದಿನದಿಂದ ಔಷಧಿಯ ಹುಡುಕಾಟ ಶುರುವಾಯಿತು. ಎದೆಯುರಿಯಂಥ ಸಾರ್ವಜನಿಕ ಕಾಯಿಲೆ ಇನ್ನೊಂದಿಲ್ಲ. ಸಕ್ಕರೆ ಕಾಯಿಲೆ ಅಂದರೆ ಜನ ಮರುಗುತ್ತಾರೆ, ಎದೆಯುರಿ ಅಂದರೆ ಮದ್ದು ಹೇಳುತ್ತಾರೆ. ಅಮ್ಮ ಓಮದ ನೀರು ಅಂದಳು. ಹೆಂಡತಿ ಜೀರಿಗೆ ನೀರು ಅಂದಳು. ಅತ್ತೆ ಸೊಸೆ ಇಬ್ಬರ ಮನಸ್ಸೂ ನೋಯಬಾರದೆಂದು ನಾನು ಎರಡನ್ನೂ ಕುಡಿದು, ಕುಡಿದದ್ದಕ್ಕೆ ಬೇರೆಯಾಗಿ ಉರಿಸಿಕೊಂಡೆ. ಮೆಟ್ಟುಪಾಳ್ಯದ ಮಂಡಿಯಲ್ಲಿ ಅಡಿಕೆ ವ್ಯಾಪಾರ ಮಾಡುವ ಗೆಳೆಯನೊಬ್ಬ ನೀರಿಗೆ ಹಾಕಿದರೆ ಭುಸ್ಸೆಂದು ನೊರೆಯುಕ್ಕುವ ಪುಡಿಯನ್ನು ಕೊಟ್ಟ. ಅದನ್ನು ಒಂದು ನೂಲಿನ ಮಿಲ್ಲಿನಲ್ಲಿ, ಮಾಲೀಕರ ಎದುರಿಗೆ ಕೂತಾಗ ಕುಡಿದೆ. ಒಳಗಿಂದ ಎಂಥ ತೇಗು ಬಂತೆಂದರೆ, ಅವರು ತಮ್ಮ ನಷ್ಟದ ವಿಷಯ ಹೇಳುತ್ತಿದ್ದದ್ದನ್ನು ನಿಲ್ಲಿಸಿ, "ಸಾರ್, ಮೊದಲು ನಿಮ್ಮದು ಮುಗೀಲಿ" ಅಂದರು. ಸುಖವೇನೋ ಆಯಿತು, ಆದರೆ ಮಿಲ್ಲಿನ ಗೇಟು ದಾಟುವವರೆಗೆ ಮಾತ್ರ.

ಆಮೇಲೆ ಮೆಡಿಕಲ್ ಶಾಪಿನ ಗುಲಾಬಿ ಬಣ್ಣದ ಸಿರಪ್ಪು. ಸುಣ್ಣ ಕಲಸಿದ ಪುದೀನದ ರುಚಿ. ಇದು ಕುಡಿದ ಕೂಡಲೇ ಗಂಟಲಿನಿಂದ ಕೆಳಕ್ಕೆ ಒದ್ದೆ ಬಟ್ಟೆ ಹಾಸಿದ ಹಾಗೆ ತಂಪು. ನನಗೆ ಪ್ರೀತಿಯೇ ಹುಟ್ಟಿತು. ಕಾರಿನಲ್ಲೊಂದು, ಬ್ಯಾಗಿನಲ್ಲೊಂದು, ದೇವರ ಮನೆಯ ಕಪಾಟಿನಲ್ಲೊಂದು ಬಾಟಲಿ ಇಟ್ಟೆ. ಸಿರಪ್ಪು ಇದೆಯೆಂಬ ಧೈರ್ಯದ ಮೇಲೆ ಸಂಜೆ ತಳ್ಳುಗಾಡಿಯ ಮುಂದೆ ನಿಂತು, ನಮ್ಮೂರಿನ ಜನ ಪ್ರಾಣ ಬಿಡುವ ಕಾಳಾನ್ ತಿನ್ನತೊಡಗಿದೆ. ಹೆಸರಿಗೆ ಅಣಬೆ, ನಿಜಕ್ಕೆ ಎಲೆಕೋಸು, ಎರಡನ್ನೂ ಕೆಂಪು ಮಸಾಲೆಯಲ್ಲಿ ಕುಟ್ಟಿ ಕುಟ್ಟಿ ಕುದಿಸಿ ಮೇಲೆ ಈರುಳ್ಳಿ ಉದುರಿಸಿ ಕೊಡುತ್ತಾರೆ. ಒಂದು ತಟ್ಟೆ ಕಾಳಾನ್, ಎರಡು ಮುಚ್ಚಳ ಸಿರಪ್ಪು. ಹೆಂಡತಿ ಒಂದು ದಿನ ಇದನ್ನು ಕಣ್ಣಾರೆ ಕಂಡಳು.

"ಏನುಂಗ, ನೀವು ಉರಿಗೆ ಮದ್ದು ತಗೋತಿದೀರಾ, ಮದ್ದಿಗೆ ಉರಿ ತಗೋತಿದೀರಾ?" ಅಂದಳು. ಮಾರನೆಯ ಬೆಳಗ್ಗೆ ಅವಳೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.

ಡಾಕ್ಟರು ನನ್ನ ವಯಸ್ಸಿನವರೇ, ಮಿತಭಾಷಿ. ನಾನು ನನ್ನ ವೃತ್ತಿಯ ಅಭ್ಯಾಸದಂತೆ ಎಲ್ಲ ಸಾಧ್ಯತೆಗಳನ್ನೂ ಅವರ ಮುಂದಿಟ್ಟೆ: ಹೃದಯ, ಅಲ್ಸರು, ಇನ್ನೂ ದೊಡ್ಡದು, ಇನ್ನೂ ದೊಡ್ಡದು. ಅವರು ನಗದೆ ಕೇಳಿಸಿಕೊಂಡರು. ಎದೆಯ ವಿಷಯ ಅಂದಾಜಿನಲ್ಲಿ ಬಿಡಬಾರದೆಂದು ಮೊದಲು ಇಸಿಜಿ ತೆಗೆಸಿದರು. ನುಂಗುವಾಗ ಸಿಕ್ಕಿಕೊಳ್ಳುತ್ತದೆಯೇ, ತೂಕ ಇಳಿದಿದೆಯೇ, ಮಲ ಕಪ್ಪಗೆ ಹೋಗುತ್ತದೆಯೇ ಎಂದು ಕೇಳಿದರು. ತೂಕದ ಪ್ರಶ್ನೆಗೆ ನನ್ನ ಹೆಂಡತಿಯೇ ನಕ್ಕು ಉತ್ತರ ಕೊಟ್ಟಳು. ಇಸಿಜಿ ಸರಿಯಾಗಿತ್ತು. ನನಗೆ ಸಮಾಧಾನವಾಯಿತು, ಅದರೊಳಗೆ ಒಂದು ಚೂರು ನಿರಾಸೆಯೂ ಇತ್ತು. ಅಷ್ಟು ಚಿಂತೆ ಮಾಡಿದ್ದಕ್ಕೆ ಏನಾದರೂ ಸಿಗಬೇಕಿತ್ತು ಅನ್ನಿಸುತ್ತದಲ್ಲ, ಹಾಗೆ.

"ಸಿರಪ್ಪು ಕೆಟ್ಟದ್ದಲ್ಲ, ಸಾರ್. ಹೊತ್ತಿರೋ ಉರೀನ ಆಗಿಂದಾಗ್ಗೆ ಆರಿಸುತ್ತೆ, ಅಷ್ಟೇ. ನಿಮಗೆ ಬೇಕಾಗಿರೋದು ಆಸಿಡ್ ಹುಟ್ಟೋದನ್ನೇ ಕಮ್ಮಿ ಮಾಡೋ ಮಾತ್ರೆ" ಅಂದರು ತಮಿಳಿನಲ್ಲಿ. ನನ್ನ ಭಾಷೆಗೆ ತಿರುಗಿಸಿಕೊಂಡೆ: ಸಿರಪ್ಪು ಅಂದರೆ ಮರಳಿನ ಬಕೆಟ್ಟು, ಮಾತ್ರೆ ಅಂದರೆ ಗೋಡೌನಿನ ಹಳೇ ವೈರಿಂಗನ್ನೇ ಬದಲಾಯಿಸುವುದು. ವೈರಿಂಗಿಗೆ ಕೆಲವು ದಿನ ಹಿಡಿಯುತ್ತದೆ. ಬೆಳಗ್ಗೆ ಒಂದು, ಕೆಲವು ವಾರ, ಆಮೇಲೆ ಬಂದು ತೋರಿಸಿ, ತಾವಾಗಿ ವರ್ಷಗಟ್ಟಲೆ ನುಂಗಬೇಡಿ ಅಂದರು. ಇನ್ನೂ ಏನೋ ಹೇಳಿದರು. ನಾನು ಆಗ ಮನಸ್ಸಿನಲ್ಲಿ ಹುಡುಗಿಯನ್ನು ಎತ್ತಿಕೊಂಡು ಮಂಟಪದತ್ತ ನಡೆಯುತ್ತಿದ್ದೆ.

ಮಾತ್ರೆ ನುಂಗತೊಡಗಿದೆ. ಉರಿ ಕಡಿಮೆಯಾದ ಹಾಗೆ ಇತ್ತು, ಆಗದ ಹಾಗೂ ಇತ್ತು. ಮಂಚದ ತಲೆಯ ಕಡೆ ಎತ್ತರವಿರಲಿ ಎಂದು ಡಾಕ್ಟರು ಅಂದಿದ್ದರೆಂದು, ಅಟ್ಟದಲ್ಲಿದ್ದ ಹಳೆಯ ಕೈಮಗ್ಗದ ಎರಡು ಮರದ ತುಂಡುಗಳನ್ನು ಇಳಿಸಿ ಮಂಚದ ಕಾಲಿಗೆ ಕೊಟ್ಟೆ. ಬೆಳಗ್ಗೆ ಎದ್ದರೆ ಗಂಡ ಹೆಂಡತಿ ಇಬ್ಬರೂ ಮಂಚದ ಕೆಳತುದಿಗೆ ಜಾರಿ, ಬಸ್ಸಿನ ಹಿಂದಿನ ಸೀಟಿನವರ ಹಾಗೆ ಮುದುರಿಕೊಂಡಿರುತ್ತಿದ್ದೆವು. ಆದರೂ ಕಾಫಿ ಕುಡಿದ ಮೇಲೆ ಬಗ್ಗಿ ಷೂ ಕಟ್ಟಿದರೆ ಹುಳಿತೇಗು ಬಂದೇ ಬರುತ್ತಿತ್ತು. ಅಕ್ಕ ಫೋನು ಮಾಡಿ, "ಹೇಗಿದೆಡಾ?" ಅನ್ನುವಳು. "ಪರವಾಗಿಲ್ಲ" ಅನ್ನುವೆ. "ಅವನ ಅಳತೆಗೂ ಒಂದು ರೇಷ್ಮೆ ಅಂಗಿ ಹೊಲಿಸಿಡ್ತೀನಿ, ಇರಲಿ" ಅನ್ನುವಳು. ಅವನು ಅಂದರೆ ಯಾರೆಂದು ನಾನು ಕೇಳುತ್ತಿರಲಿಲ್ಲ.

ಮದುವೆ ಹತ್ತಿರವಾದಾಗ ಮತ್ತೆ ಡಾಕ್ಟರ ಬಳಿಗೆ ಹೋದೆ. ಈ ಮಾತ್ರೆ ನನಗೆ ಹಿಡಿಯುವುದಿಲ್ಲ, ಇದಕ್ಕಿಂತ ದೊಡ್ಡದು ಬರೆದುಕೊಡಿ ಅಂದೆ.

"ಯಾವಾಗ ತಗೋತಿದೀರಿ?"

"ದಿನಾ ಬೆಳಗ್ಗೆ. ತಪ್ಪಿಸಿಲ್ಲ."

"ತಿಂಡಿಗೆ ಮುಂಚೇನಾ, ಆಮೇಲೇನಾ?"

ಇದೆಂಥ ಪ್ರಶ್ನೆ ಅನ್ನಿಸಿತು. ನಮ್ಮ ಮನೆಯಲ್ಲಿ ಮಾತ್ರೆಯೆಂದರೆ ತಿಂಡಿಯ ನಂತರವೇ. ಬರೀ ಹೊಟ್ಟೆಗೆ ಮಾತ್ರೆ ಬಿದ್ದರೆ ಕರುಳು ಸುಡುತ್ತದೆಂದು ಅಮ್ಮ ನಾವು ಹುಡುಗರಾಗಿದ್ದಾಗಿನಿಂದ ಹೇಳಿಕೊಂಡು ಬಂದ ಮಾತು. ಜ್ವರದ ಮಾತ್ರೆಯಿರಲಿ, ವಿಟಮಿನ್ ಇರಲಿ, ಹೊಟ್ಟೆ ತುಂಬ ತಿಂದು, ಮೇಲೆ ಕಾಫಿ ಕುಡಿದು, ಅವಳ ಕೈಯಿಂದ ನೀರು ಇಸಿದುಕೊಂಡು ನುಂಗಬೇಕು. ಐವತ್ತು ದಾಟಿದರೂ ನಾನು ಹಾಗೆಯೇ ನುಂಗುತ್ತಿದ್ದೆ. ಇಡ್ಲಿಯ ಮೇಲೆ, ಸಾಂಬಾರಿನ ಮೇಲೆ, ಕಾಫಿಯ ಮೇಲೆ, ಎಲ್ಲ ಆಸಿಡ್ಡೂ ಹುಟ್ಟಿ ಮುಗಿದ ಮೇಲೆ, ಆಸಿಡ್ ಹುಟ್ಟದಿರಲೆಂದು ಮಾತ್ರೆ.

ಡಾಕ್ಟರು ಆ ದಿನ ಮೊದಲ ಸಲ ನಕ್ಕರು. "ಆವತ್ತೇ ಹೇಳಿದ್ದೆ, ಸಾರ್. ತಿಂಡಿಗೆ ಅರ್ಧ ಗಂಟೆ ಮುಂಚೆ, ಬರೀ ಹೊಟ್ಟೇಲಿ. ಅದೇ ಮಾತ್ರೆ ಸಾಕು, ದೊಡ್ಡದು ಬೇಡ."

"ನಾನು ಕೇಳಿಸ್ಕೊಂಡಿದ್ದೆ" ಅಂದಳು ಹೆಂಡತಿ.

"ಮತ್ತೆ ಹೇಳಲಿಲ್ಲ?"

"ನಿಮ್ಮ ಅಮ್ಮ ಕೊಡೋ ಮಾತ್ರೆಗೆ ನಾನ್ಯಾಕೆ ಅಡ್ಡ ಬರಲಿ?"

ಮದುವೆಯ ದಿನದ ಬಗ್ಗೆಯೂ ಕೇಳಿದೆ. ಮಾತ್ರೆ, ಅರ್ಧ ಗಂಟೆ, ಎರಡು ಇಡ್ಲಿ, ಚಟ್ನಿ ಬೇಡ, ಕಾಫಿ ಬೇಡ. ಎತ್ತುವುದು ತಿಂದು ಎರಡು ಗಂಟೆಯಾದ ಮೇಲೆ. ಸೊಂಟ ಬಗ್ಗಿಸಬೇಡಿ, ಮಂಡಿ ಮಡಚಿ ಕೂತು ಏಳಿ. ಇಷ್ಟು ಹೇಳಿ, "ಹುಡುಗಿ ತೂಕ ಎಷ್ಟು?" ಎಂದು ಕೇಳಿದರು. ಅದನ್ನು ಕೇಳುವ ಧೈರ್ಯ ನಮ್ಮ ವಂಶದಲ್ಲಿ ಯಾರಿಗೂ ಇಲ್ಲ ಅಂದೆ.

ಮನೆಗೆ ಬಂದು ಅಮ್ಮನಿಗೆ ವಿಷಯ ತಿಳಿಸಿದೆವು. ಅವಳು ನಂಬಲಿಲ್ಲ. ಮಾರನೆಯ ದಿನದಿಂದ ನಾನು ಮಾತ್ರೆ ನುಂಗಿ, ತಟ್ಟೆಯ ಮುಂದೆ ಅರ್ಧ ಗಂಟೆ ಸುಮ್ಮನೆ ಕೂರುವುದು ಅವಳಿಗೊಂದು ದುಃಖದ ದೃಶ್ಯವಾಯಿತು. "ಮಗನಿಗೆ ಇಡ್ಲಿ ಕಾಣಿಸ್ತಾ ಇದೆ, ತಿನ್ನೋ ಹಾಗಿಲ್ಲ. ಇದೆಂಥ ವೈದ್ಯ" ಎಂದು ಪಕ್ಕದ ಮನೆಯವರಿಗೆ ಕೇಳುವಂತೆ ಹೇಳುವಳು. ನಡುನಡುವೆ ಬಂದು, "ಆಯ್ತಾಡಾ?" ಎಂದು ಗಡಿಯಾರ ನೋಡುವಳು. ಆದರೆ ವಾರ ತುಂಬುವಷ್ಟರಲ್ಲಿ ಎದೆ ತಣ್ಣಗಾಯಿತು. ಒಂದು ಬೆಳಗ್ಗೆ ಷೂ ಲೇಸು ಕಟ್ಟಿ ಎದ್ದು ನಿಂತೆ, ಏನೂ ಬರಲಿಲ್ಲ. ನಂಬಿಕೆಯಾಗದೆ ಬಿಚ್ಚಿ ಮತ್ತೆ ಕಟ್ಟಿದೆ. ಆಗಲೂ ಬರಲಿಲ್ಲ. ಎಂದೂ ಇಲ್ಲದವನು ಸಿಳ್ಳೆ ಹಾಕುತ್ತ ಕಾರು ಹತ್ತಿದೆ.

ಇನ್ನು ಎತ್ತುವ ಅಭ್ಯಾಸ. ಮೊದಲು ಅಕ್ಕಿ ಮೂಟೆಯಲ್ಲಿ ಮಾಡಿದೆ. ಅಕ್ಕಿ ಮೂಟೆ ಕೈಕಾಲು ಆಡಿಸುವುದಿಲ್ಲ, ನಗುವುದೂ ಇಲ್ಲ, ಅದು ಸರಿಯಾದ ಪರೀಕ್ಷೆಯಲ್ಲ ಅನ್ನಿಸಿತು. ಒಂದು ಭಾನುವಾರ ಬೆಳಗ್ಗೆ ಹೆಂಡತಿ ತಾನಾಗಿಯೇ ಬಂದು ಮುಂದೆ ನಿಂತಳು.

"ನನ್ನ ಎತ್ತಿ ನೋಡಿ."

"ನೀನಾ?"

"ಯಾಕೆ, ನನಗೇನು? ಮದುವೆಯಾದಾಗ ನನ್ನ ಮಾಮ ಎತ್ತಿದ್ದು. ಆಮೇಲೆ ಯಾರೂ ಎತ್ತಿಲ್ಲ."

ಮಂಡಿ ಮಡಚಿ ಕೂತೆ. ಎದ್ದೆ. ಅವಳು ಎದ್ದಳು, ಅಂದರೆ ನನ್ನ ಕೈಯಲ್ಲಿ ಎದ್ದಳು. ಇಬ್ಬರಿಗೂ ಆಶ್ಚರ್ಯವಾಯಿತು. ನಡುಮನೆಯಲ್ಲಿ ಒಂದು ಸುತ್ತು ಬಂದೆ. ಎದೆಯಲ್ಲಿ ಉರಿಯಿಲ್ಲ, ಬರೀ ಏದುಸಿರು. ಅವಳು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು, ನಕ್ಕಂತೆಲ್ಲ ಭಾರವಾಗುತ್ತಿದ್ದಳು. ಅಷ್ಟರಲ್ಲಿ ಅಮ್ಮ ಹೂವಿನ ಬುಟ್ಟಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಾಳೆ.

ಅಮ್ಮ ನಮ್ಮಿಬ್ಬರನ್ನೂ ನೋಡಿದಳು. "ಮಾತ್ರೆ ಪರವಾಗಿಲ್ಲ ಕಣೆ" ಅಂದಳು ಸೊಸೆಗೆ, ಮತ್ತು ದೇವರ ಮನೆಗೆ ಹೋಗಿ ಬಾಗಿಲು ಎಳೆದುಕೊಂಡಳು.

ಮದುವೆ ಅವಿನಾಶಿಯ ಒಂದು ಕಲ್ಯಾಣ ಮಂಟಪದಲ್ಲಿ. ಮುಹೂರ್ತ ಒಂಬತ್ತರ ಮೇಲಿತ್ತು. ಬೆಳಕು ಹರಿಯುವಾಗ ಮಾತ್ರೆ, ಆಮೇಲೆ ಎರಡು ಇಡ್ಲಿ. ಊಟದ ಮನೆಯಲ್ಲಿ ತುಪ್ಪ ಸುರಿಯುವ ಪೊಂಗಲು, ವಡೆ, ಕೇಸರಿಬಾತು ಬಡಿಸುತ್ತಿದ್ದರು. ನಾನು ಒಣ ಇಡ್ಲಿಯನ್ನು ಮುರಿಯುತ್ತಿದ್ದದ್ದನ್ನು ಕಂಡ ಅಡಿಗೆಯವರು ಸಾಂಬಾರಿನ ಬಕೆಟ್ಟು ಹಿಡಿದು ನನ್ನ ಎಲೆಯ ಸುತ್ತಲೇ ತಿರುಗಿದರು. ಎಲೆಯ ಮೇಲೆ ಅಂಗೈ ಅಡ್ಡ ಹಿಡಿದು ಸಾಂಬಾರನ್ನು ತಡೆದವನು ಅವರ ಅನುಭವದಲ್ಲಿ ನಾನೊಬ್ಬನೇ ಇರಬೇಕು.

ಚಿಕ್ಕಪ್ಪನ ಮಗ ರೇಷ್ಮೆ ಅಂಗಿಯ ತೋಳು ಮಡಚಿಕೊಂಡು ಬಂದ. "ಅಣ್ಣಾ, ಚಿಂತೆ ಬೇಡ. ನಾನು ಹಿಂದೇನೇ ಇರ್ತೀನಿ."

"ಇರು. ಆದರೆ ಇನ್ನೂ ಸ್ವಲ್ಪ ಹಿಂದೆ ಇರು" ಅಂದೆ.

ಅಲಂಕಾರದ ಕೋಣೆಯ ಬಾಗಿಲು ತೆರೆಯಿತು. ಹುಡುಗಿ ಕುಂಕುಮ ಬಣ್ಣದ ಸೀರೆಯಲ್ಲಿ, ಮೈತುಂಬ ಹೂವು ಒಡವೆಗಳಲ್ಲಿ ಮಣೆಯ ಮೇಲೆ ನಿಂತಿದ್ದಳು. ಅವಳನ್ನು ನೋಡಿ ನನಗೆ ಡಾಕ್ಟರು ಹೇಳಿದ್ದೆಲ್ಲ ಮರೆತುಹೋಯಿತು, ಮಂಡಿಗೆ ಮಾತ್ರ ನೆನಪಿತ್ತು. ಮಡಚಿ ಕೂತೆ. ಅವಳು ಕುತ್ತಿಗೆಗೆ ಕೈ ಹಾಕಿದಳು. "ಮಾಮಾ, ನಿಜವಾಗ್ಲೂ ಆಗುತ್ತಾ?" ಅಂದಳು ಮೆಲ್ಲಗೆ. ಅವಳನ್ನು ಎತ್ತಿಕೊಂಡು ಎದ್ದು ನಿಂತೆ.

ನಾದಸ್ವರ ಏರಿತು. ಎರಡೂ ಕಡೆ ಜನ, ನಡುವೆ ಕೆಂಪು ಹಾಸು. ನಾನು ನಡೆದೆ. ಎದೆ ತಣ್ಣಗಿತ್ತು. ಗಂಟಲಲ್ಲಿ ಹುಳಿಯಿರಲಿಲ್ಲ. ಅಕ್ಕ ಆರತಿ ತಟ್ಟೆ ಹಿಡಿದುಕೊಂಡು ಅಳುತ್ತಿದ್ದಳು, ನಗುತ್ತಿದ್ದಳು. ಹುಡುಗಿ ನನ್ನ ಹೆಗಲಿಗೆ ತಲೆಯೊರಗಿಸಿದ್ದಳು, ಅವಳ ಜಡೆಯ ಮಲ್ಲಿಗೆ ನನ್ನ ಮೂಗಿಗೆ ತಾಗುತ್ತಿತ್ತು. ಮಂಟಪದ ಮೆಟ್ಟಿಲು ಬಂತು, ಹತ್ತಿದೆ. ಗಂಡಿನ ಪಕ್ಕದ ಮಣೆಯ ಮೇಲೆ ಅವಳನ್ನು ಇಳಿಸಲು, ಮತ್ತೆ ಮಂಡಿ ಮಡಚಿ, ಮಗುವನ್ನು ತೊಟ್ಟಿಲಿಗೆ ಹಾಕುವವನ ಹಾಗೆ ನಿಧಾನವಾಗಿ ಬಾಗಿದೆ.

ಪುರೋಹಿತರು ಕೈ ಎತ್ತಿದರು. ನಾದಸ್ವರ ನಿಂತಿತು. ಮಂಟಪವೆಲ್ಲ ನಿಶ್ಶಬ್ದ. ಪುರೋಹಿತರ ಮುಂದಿದ್ದ ಮೈಕು ನಮ್ಮಿಬ್ಬರ ಮುಖಕ್ಕೆ ಗೇಣು ದೂರದಲ್ಲಿತ್ತು. ಆ ಹೊತ್ತಿಗೆ ಸರಿಯಾಗಿ ಒಂದು ತೇಗು ಬಂತು. ದೀರ್ಘವಾದ, ಸಂತೃಪ್ತವಾದ, ಪನ್ನೀರು ಸೋಡಾದ ಗುಲಾಬಿ ಪರಿಮಳವಿದ್ದ ತೇಗು. ಲೌಡ್‌ಸ್ಪೀಕರಿನಲ್ಲಿ ಊಟದ ಮನೆಯವರೆಗೂ ಹೋಯಿತು.

ನನ್ನದಲ್ಲ. ಬೆಳಗಿನಿಂದ ಉಪವಾಸವಿದ್ದ ಹುಡುಗಿಗೆ ಗೆಳತಿಯರು ಅಲಂಕಾರದ ಕೋಣೆಯಲ್ಲಿ ಸೋಡಾ ಕುಡಿಸಿದ್ದರಂತೆ, ಆಮೇಲೆ ತಿಳಿಯಿತು. ಆದರೆ ಮಂಟಪದ ತುಂಬ ಇದ್ದ ನೆಂಟರಲ್ಲಿ ನನ್ನ ಎದೆಯ ಚರಿತ್ರೆ ಗೊತ್ತಿಲ್ಲದವರು ಯಾರೂ ಇರಲಿಲ್ಲ. ಎಲ್ಲ ತಲೆಗಳೂ ನನ್ನ ಕಡೆಗೆ ತಿರುಗಿದವು. ಗಂಡಿನ ತಂದೆ ಕರುಣೆಯಿಂದ ನೋಡಿದರು. ಹುಡುಗಿ ತಗ್ಗಿಸಿದ ತಲೆ ಎತ್ತದೆ, ತುಟಿ ಅಲ್ಲಾಡಿಸದೆ, "ಮಾಮಾ, ದಯವಿಟ್ಟು" ಅಂದಳು.

ನಾನು ಎದೆಯ ಮೇಲೆ ಕೈಯಿಟ್ಟುಕೊಂಡು, ಮೈಕಿನ ಕಡೆಗೆ ಸ್ವಲ್ಪ ಬಾಗಿ, "ಕ್ಷಮಿಸಬೇಕು, ನನಗೆ ಮೊದಲಿಂದಲೂ ಇದೊಂದಿದೆ" ಅಂದೆ.